ಅತ್ತೆಯ ಉಂಗುರ, ಸೊಸೆಯ ಬೆಟ್ಟ

ಬೆಟ್ಟದ ಬುಡದ ಶಿಬಿರಕ್ಕೆ ಯಾರೇ ಬರಲಿ, ಸೊಸೆ ಮೊದಲು ಕುಡಿಯಲು ನೀರು ಕೊಡುತ್ತಿರಲಿಲ್ಲ, ಒಂದು ತಗಡಿನ ಡಬ್ಬಿಯನ್ನು ಮುಂದೆ ಹಿಡಿಯುತ್ತಿದ್ದಳು. ಮೈಮೇಲಿರುವ ಚಿನ್ನ ಬೆಳ್ಳಿಯೆಲ್ಲ ಅದರೊಳಗೆ ಬೀಳಬೇಕು, ಮಿಕ್ಕ ಮಾತು ಆಮೇಲೆ. ಹೊಸಬರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಅವಳಿಗೆ ಕಳ್ಳರ ಭಯವೇನೂ ಇರಲಿಲ್ಲ, ಆ ಕಾಡುಮೂಲೆಗೆ ಬರುವಷ್ಟು ಪುರುಸೊತ್ತು ಯಾವ ಕಳ್ಳನಿಗೂ ಇರಲಿಲ್ಲ. ಅವಳು ಭೂವಿಜ್ಞಾನಿ, ಚಿನ್ನ ಹುಡುಕುವವಳು. ಒಂದು ಟನ್ ಕಲ್ಲಿನಲ್ಲಿ ಚಿಟಿಕೆ ಚಿನ್ನ ಕಂಡರೂ ಕುಣಿದಾಡುವ ಕಸುಬು ಅದು. ಯಾರದೋ ಬಳೆ, ಯಾರದೋ ಉಂಗುರ ಕಲ್ಲಿಗೆ ಉಜ್ಜಿ, ಕಣ್ಣಿಗೂ ಕಾಣದಷ್ಟು ಪುಡಿ ಮಾದರಿಯ ಚೀಲಕ್ಕೆ ಬಿದ್ದರೆ ಸಾಕು, ಪರೀಕ್ಷೆ ಮಾಡುವ ಲ್ಯಾಬು ಬೆಟ್ಟದಲ್ಲಿ ಚಿನ್ನವಿದೆ ಎಂದು ಬರೆದು ಕಳಿಸಿಬಿಡುತ್ತದೆ.

ಇಷ್ಟು ಕಟ್ಟುನಿಟ್ಟಿನ ಹೆಂಗಸು ಸೋತದ್ದು ತನ್ನ ಅತ್ತೆಯ ಬೆರಳಿನ ಮುಂದೆ.

ಅತ್ತೆ ಊರಿನಲ್ಲಿ ಹೊಲಿಗೆ ಅಂಗಡಿ ನಡೆಸುವವರು. ಆ ವರ್ಷ ಅಂಗಡಿಯ ಕಟ್ಟಡವನ್ನು ರಿಪೇರಿಗೆಂದು ಕೆಡವಿ ಹಾಕಿದ್ದರು, ಮಗ ಹಡಗಿನ ಕೆಲಸಕ್ಕೆ ಹೋಗಿದ್ದ. ಸುಮ್ಮನೆ ಕೂರುವುದು ಅತ್ತೆಯ ಜಾತಕದಲ್ಲೇ ಬರೆದಿರಲಿಲ್ಲ. ಸೊಸೆ ಕಲ್ಲು ಒಡೆಯುವ ಜಾಗ ಹೇಗಿದೆ ನೋಡಿಬರುತ್ತೇನೆ ಎಂದು ಹೊರಟವರು, ಸಾಮಾನು ತರುವ ಜೀಪಿನಲ್ಲಿ ಅಕ್ಕಿ ಮೂಟೆಯ ಪಕ್ಕ ಕೂತು ಬಂದಿಳಿದರು. ಡಬ್ಬಿ ಮುಂದೆ ಬಂದಾಗ ಓಲೆ, ಸರ, ಬಳೆ ಎಲ್ಲ ತಕರಾರಿಲ್ಲದೆ ಬಿಚ್ಚಿ ಹಾಕಿದರು. ಉಂಗುರ ಮಾತ್ರ ಜಪ್ಪಯ್ಯ ಅಂದರೂ ಬರಲಿಲ್ಲ. ಸೋಪು ಹಚ್ಚಿದ್ದಾಯಿತು, ಎಣ್ಣೆ ಸವರಿದ್ದಾಯಿತು, ತಣ್ಣೀರಿನಲ್ಲಿ ಅದ್ದಿದ್ದಾಯಿತು. ಮಾವನವರು ತೊಡಿಸಿದ ಉಂಗುರ ಅದು. ಮಾವ ತೀರಿಹೋಗಿ ವರ್ಷಗಳಾಗಿದ್ದವು, ಅಷ್ಟರಲ್ಲಿ ಬೆರಳು ಅದರ ಸುತ್ತ ದಪ್ಪಗಾಗಿತ್ತು.

"ಬಿಡೇ, ಅವರೂ ಹೀಗೇ ಇದ್ರು. ಒಂದು ಸಲ ಕೂತ್ರೆ ಏಳ್ತಿರಲಿಲ್ಲ" ಎಂದರು ಅತ್ತೆ.

ಕೊನೆಗೆ ಸೊಸೆ ಉಂಗುರದ ಮೇಲೆ ಅಂಟುಪಟ್ಟಿಯನ್ನು ಬಿಗಿಯಾಗಿ ಸುತ್ತಿದಳು. ಮೇಲೆ ಕೈಗವಸು ಹಾಕಿಕೊಳ್ಳದೆ ಕಲ್ಲು ಮುಟ್ಟಬಾರದು ಎಂದು ಮಾತು ತೆಗೆದುಕೊಂಡಳು. ಬೇರೆ ಯಾರಾಗಿದ್ದರೂ ಅದೇ ಜೀಪಿನಲ್ಲಿ ವಾಪಸ್ಸು ಕಳಿಸುತ್ತಿದ್ದಳು. ಅತ್ತೆಯನ್ನು ಕಳಿಸಲು ಅವಳಿಗೆ ಮನಸ್ಸು ಬರಲಿಲ್ಲ, ಅಷ್ಟೇ ವಿಷಯ.

ಆ ಬೆಟ್ಟವನ್ನು ಸೊಸೆ ಓದುವ ಕಾಲದಿಂದ ತಲೆಯ ಮೇಲೆ ಹೊತ್ತುಕೊಂಡಿದ್ದಳು. ರಸ್ತೆಯಿಲ್ಲ, ಊರಿಲ್ಲ, ಹೋಗಿಬರುವುದೇ ಒಂದು ಸಾಹಸ. ಶಿಖರದ ಅಂಚಿನಲ್ಲಿ ಬೆಳ್ಳನೆಯ ಬೆಣಚುಕಲ್ಲಿನ ಪಟ್ಟೆಯೊಂದು ಓಡಿತ್ತು. ನಕ್ಷೆಯಲ್ಲಿ ಅಲ್ಲೊಂದು ಪುಟ್ಟ ಚುಕ್ಕೆ, ಅಂದರೆ ಚಿನ್ನ ಬೆಳ್ಳಿಯ ಸುಳಿವಿದೆ ಎಂದು ಅರ್ಥ. ಸುಳಿವು ಅಂದರೆ ಸುಳಿವಷ್ಟೇ, ಗಣಿಯಲ್ಲ, ನಿಕ್ಷೇಪವೂ ಅಲ್ಲ. ಅಂಥ ಚುಕ್ಕೆಗಳು ನಕ್ಷೆಯ ತುಂಬ ಇರುತ್ತವೆ, ಯಾರೂ ತಿರುಗಿ ನೋಡುವುದಿಲ್ಲ. ಸೊಸೆ ತಿರುಗಿ ನೋಡಿದಳು. ಆಮೇಲೆ ಕಣ್ಣು ಕೀಳಲಿಲ್ಲ. ಕಂಪನಿಯ ಮುಖ್ಯಸ್ಥರನ್ನು ಕಾಡಿ ಬೇಡಿ ಈ ಒಂದು ಬೇಸಿಗೆಗೆ ಶಿಬಿರ ಹಾಕಿಸಿಕೊಂಡಿದ್ದಳು. ಅವರ ಷರತ್ತು ಸ್ಪಷ್ಟವಾಗಿತ್ತು. ಮೇಲಿನ ಕಲ್ಲಿನಲ್ಲಿ ಒಂದಾದರೂ ಒಳ್ಳೆಯ ಮಾದರಿ ಸಿಕ್ಕರೆ ಆಳಕ್ಕೆ ಕೊರೆಯುವ ಯಂತ್ರ ಇಲ್ಲಿಗೆ ಬರುತ್ತದೆ. ಸಿಗದಿದ್ದರೆ ಅದು ಇನ್ನೊಂದು ಬೆಟ್ಟಕ್ಕೆ ಹೋಗುತ್ತದೆ, ಈ ಬೆಟ್ಟದ ಮಾತು ಅಲ್ಲಿಗೆ ಮುಗಿಯಿತು.

ಇದೆಲ್ಲ ಅತ್ತೆಗೆ ಅರ್ಥವಾದದ್ದು ಚಹಾದ ಕೆಟಲಿನಿಂದ. ಅಲ್ಲಿನ ನೀರು ಗಡಸು, ನಾಲ್ಕು ದಿನ ಕುದಿಸಿದರೆ ಕೆಟಲಿನೊಳಗೆ ಬಿಳಿ ಹಕ್ಕಳೆ ಕಟ್ಟುತ್ತಿತ್ತು. ಅದನ್ನು ಕೆರೆಯುತ್ತ ಕೂತಿದ್ದ ಅತ್ತೆಗೆ ಸೊಸೆ ಬೆಟ್ಟದ ಕಥೆ ಹೇಳಿದಳು. ಯಾವ ಕಾಲದಲ್ಲೋ ಇಲ್ಲಿ ನೆಲದಡಿ ಬೆಂಕಿಯಂಥ ಬಿಸಿಯಿತ್ತು. ಆಳದ ನೀರು ಕಾದು, ಚಿನ್ನ ಬೆಳ್ಳಿಯನ್ನು ತನ್ನಲ್ಲಿ ಕರಗಿಸಿಕೊಂಡು, ಬಂಡೆಯ ಬಿರುಕು ಹಿಡಿದು ಮೇಲೆ ಬರುತ್ತಿತ್ತು. ಮೇಲೆ ಬಂದಂತೆ ಒತ್ತಡ ಇಳಿದು, ಒಂದು ಮಟ್ಟದಲ್ಲಿ ನೀರು ಕೊತಕೊತ ಕುದಿಯಿತು. ಕುದಿದ ಜಾಗದಲ್ಲಿ ಹೊತ್ತು ತಂದದ್ದನ್ನು ಇಳಿಸಿತು. ಚಿನ್ನ ಇರುವುದು ಆ ಮಟ್ಟದಲ್ಲಿ. ಅದಕ್ಕಿಂತ ಮೇಲೆ ಬರೀ ಬೆಳ್ಳಗಿನ ಕಲ್ಲು, ನೋಡಲು ಚೆಂದ, ಒಳಗೆ ಏನೂ ಇಲ್ಲ.

ಅತ್ತೆ ಕೆಟಲನ್ನು ಬೆಳಕಿಗೆ ಹಿಡಿದು ಒಳಗೆ ಇಣುಕಿದರು. "ಅಂದ್ರೆ ನಿನ್ನ ಬೆಟ್ಟ ತೊಳೆಯದೇ ಇಟ್ಟ ಕೆಟ್ಲು. ಇದಕ್ಕೋಸ್ಕರ ನನ್ನ ಮಗನ್ನ ಬಿಟ್ಟು ಇಲ್ಲಿ ಬಂದು ಕೂತಿದ್ದೀಯ."

ಮಗನೇ ಎಲ್ಲರನ್ನೂ ಬಿಟ್ಟು ಹಡಗು ಹತ್ತಿದ್ದು ಎಂದು ಸೊಸೆ ನೆನಪಿಸಿದಳು. ಅದೂ ನಿಜ ಎಂದು ಅತ್ತೆ ಒಪ್ಪಿಕೊಂಡು ಕೆಟಲು ಕೆರೆಯುವುದನ್ನು ಮುಂದುವರಿಸಿದರು.

ಮಾರನೆಯ ದಿನದಿಂದ ಅತ್ತೆ ಕೆಲಸಕ್ಕೇ ಇಳಿದರು. ಬಿಳಿ ಪಟ್ಟೆಗೆ ಅಡ್ಡಲಾಗಿ ಅಗೆದ ಕಂದಕದಲ್ಲಿ ಕೆಲಸದವರು ಉಳಿ ಹಿಡಿದು ಕಲ್ಲು ಕೀಳುತ್ತಿದ್ದರು, ಚೂರುಗಳು ಕೆಳಗೆ ಹಾಸಿದ ಕ್ಯಾನ್ವಾಸಿನ ಮೇಲೆ ಬೀಳುತ್ತಿದ್ದವು. ಅದನ್ನು ಬಟ್ಟೆಚೀಲಕ್ಕೆ ತುಂಬಿ, ಚೀಟಿ ಇಟ್ಟು, ಬಾಯಿ ಕಟ್ಟುವುದು ಅತ್ತೆಯ ಪಾಲಿಗೆ ಬಂತು. ಬಂದ ವಾರದಲ್ಲೇ ಅವರು ಕಂಪನಿಯ ಚೀಲಗಳ ಹೊಲಿಗೆಗೆ ಮೂಗು ಮುರಿದು, ಎಲ್ಲಕ್ಕೂ ಎರಡನೆಯ ಹೊಲಿಗೆ ಹಾಕಿದರು. ಕಲ್ಲಿನ ಚೂರುಗಳನ್ನು ಅವರು ತುಂಬುವ ಪರಿ ನೋಡಬೇಕಿತ್ತು. ದರ್ಜಿಯ ಕೈ, ಒಂದು ತುಣುಕನ್ನೂ ಹಾಳುಮಾಡಲು ಮನಸ್ಸು ಒಪ್ಪುವುದಿಲ್ಲ. ದೊಡ್ಡ ಚೂರು ಆರಿಸಿದ ಮೇಲೆ ಸಣ್ಣದು, ಸಣ್ಣದಾದ ಮೇಲೆ ಪುಡಿ, ಪುಡಿಯನ್ನು ಅಂಗೈಯಿಂದ ಬಳಿದು ಬಳಿದು ಕ್ಯಾನ್ವಾಸಿನ ಮಡಿಕೆಯಿಂದಲೂ ಹೊರಗೆ ತೆಗೆಯುತ್ತಿದ್ದರು. ಇಂಥ ಮಾದರಿ ತುಂಬುವವರು ತನಗೆ ಈವರೆಗೆ ಸಿಕ್ಕಿರಲಿಲ್ಲ ಎಂದು ಸೊಸೆ ಎಲ್ಲರ ಮುಂದೆ ಹೊಗಳಿದಳು. ಹೊಗಳಿಕೆ ಕೇಳಿದ ಅತ್ತೆ ಇನ್ನಷ್ಟು ಬಳಿದರು.

ಬಿಳಿ ಪಟ್ಟೆಯ ನಡುವಿನ ಮಾದರಿ ತುಂಬಿದ ದಿನ ಕೈಗವಸಿನಲ್ಲಿ ಹಿಂದಿನ ಚೀಲದ ಗಂಟು ಹಾಕಲು ಬರದೆ ಅತ್ತೆ ಅದನ್ನು ಕಳಚಿ ಪಕ್ಕಕ್ಕಿಟ್ಟು, ಬರಿಗೈಯಲ್ಲೇ ಪುಡಿ ಬಳಿದದ್ದು ಯಾರ ಗಮನಕ್ಕೂ ಬರಲಿಲ್ಲ. ಸ್ವತಃ ಅತ್ತೆಯ ಗಮನಕ್ಕೇ ಬಂದಿರಲಿಲ್ಲ.

ಚೀಲಗಳು ಲ್ಯಾಬಿಗೆ ಹೋದವು. ಶಿಬಿರದಲ್ಲಿ ಫೋನಿಗೆ ಸಿಗ್ನಲ್ ಸಿಗುತ್ತಿದ್ದದ್ದು ಒಂದೇ ಒಂದು ಬಂಡೆಯ ಮೇಲೆ. ಫಲಿತಾಂಶ ಬರುವ ದಿನ ಸೊಸೆ ಬೆಳಗಿನಿಂದ ಅದರ ಮೇಲೆ ಹಕ್ಕಿಯ ಹಾಗೆ ಕೂತಿದ್ದಳು. ಸಾಲು ಸಾಲು ಅಂಕಿಗಳು ಬಂದವು. ಎಲ್ಲ ಸಪ್ಪೆ. ಒಂದೇ ಒಂದು ಮಾದರಿಯಲ್ಲಿ ಚಿನ್ನ ಏರಿ ಕೂತಿತ್ತು, ಯಂತ್ರ ತರಿಸಲು ಧಾರಾಳವಾಗಿ ಸಾಕಾಗುವಷ್ಟು. ಅವಳು ಬಂಡೆಯಿಂದ ಇಳಿದಳೋ ಜಾರಿದಳೋ ಅವಳಿಗೇ ಗೊತ್ತಿಲ್ಲ. ಓಡಿಬಂದು ಅತ್ತೆಯನ್ನು ಅಪ್ಪಿಕೊಂಡಳು. ಅದು ಅತ್ತೆ ತುಂಬಿದ ಚೀಲ ಎಂದು ತಿಳಿದ ಮೇಲೆ ಅತ್ತೆಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಜೀಪು ಓಡಿಸುವ, ಕೆಟ್ಟದ್ದೆಲ್ಲ ರಿಪೇರಿ ಮಾಡುವ, ಎಲ್ಲರೂ ಸ್ಪ್ಯಾನರ್ ಎಂದೇ ಕರೆಯುವ ಮನುಷ್ಯನಿಗೆ ಅವರು ಅದನ್ನು ಎಷ್ಟು ಸಲ ಹೇಳಿದರೆಂದರೆ, ಆತ ಇಲ್ಲದ ಕೆಲಸ ಹುಡುಕಿಕೊಂಡು ಜೀಪಿನ ಕೆಳಗೆ ಹೋಗಿ ಮಲಗಿದ. ಮುಖ್ಯಸ್ಥರು ಫೋನಿನಲ್ಲಿ ಅಪರೂಪಕ್ಕೆ ನಕ್ಕರು. ಯಂತ್ರ ಹೊರಡಿಸುತ್ತೇನೆ ಎಂದರು.

ಮಧ್ಯಾಹ್ನ ಅಡುಗೆ ಡೇರೆಯಲ್ಲಿ ಅತ್ತೆ ಚಹಾ ಬಗ್ಗಿಸುತ್ತಿದ್ದರು. ಬಾಗಿಲಿನ ಬಿಸಿಲು ಅವರ ಕೈಮೇಲೆ ಬಿತ್ತು. ಬೆರಳಿನ ಒಳಮೈಯಲ್ಲಿ ಏನೋ ಮಿನುಗಿತು.

ಸೊಸೆ ಲೋಟ ತೆಗೆದುಕೊಳ್ಳುವ ನೆಪದಲ್ಲಿ ಆ ಕೈ ಹಿಡಿದಳು. ಅಂಟುಪಟ್ಟಿ ಮೇಲ್ಗಡೆ ಹಾಗೇ ಇತ್ತು. ಅಂಗೈಯ ಕಡೆ ಸವೆದು ಹರಿದು, ಉಂಗುರ ಹೊರಗೆ ಇಣುಕುತ್ತಿತ್ತು. ಇಣುಕುತ್ತಿದ್ದ ಭಾಗ ಹಳೆಯ ಚಿನ್ನದ ಹಾಗೆ ಮಾಸಲಾಗಿರಲಿಲ್ಲ, ಈಗಷ್ಟೇ ಅರ ಹಾಕಿದಂತೆ ಹೊಳೆಯುತ್ತ ಚಪ್ಪಟೆಯಾಗಿತ್ತು, ಅಡ್ಡಡ್ಡ ಗೀರುಗಳಿದ್ದವು. ಬೆಣಚುಕಲ್ಲಿನ ಮುಂದೆ ಚಿನ್ನ ಬೆಣ್ಣೆಯಷ್ಟು ಮೆತ್ತಗೆ. ಚಹಾ ಚೆನ್ನಾಗಿದೆ ಎಂದು ಕುಡಿಯುವ ಮೊದಲೇ ಹೇಳಿ ಎದ್ದುಹೋದಳು.

ಬಂಡೆಯ ಮೇಲೆ ಕೂತು ಅಂಕಿಗಳನ್ನು ಮತ್ತೆ ನೋಡಿದಳು. ಖುಷಿಯಲ್ಲಿ ಕಣ್ಣು ಹಾಯಿಸದೆ ಬಿಟ್ಟದ್ದು ಈಗ ಎದ್ದು ಕಂಡಿತು. ಈ ಬೆಟ್ಟದಲ್ಲಿ ಎಲ್ಲೇ ಚೂರು ಚಿನ್ನ ಸಿಕ್ಕಲಿ, ಅದರ ಹಲವು ಪಟ್ಟು ಬೆಳ್ಳಿ ಜೊತೆಗಿರುತ್ತಿತ್ತು. ತಾಮ್ರವಂತೂ ಇಲ್ಲವೇ ಇಲ್ಲ. ಈ ಒಂದು ಮಾದರಿಯಲ್ಲಿ ಬೆಳ್ಳಿ ಮಿಕ್ಕವುಗಳಲ್ಲಿ ಇದ್ದಷ್ಟೇ ಇತ್ತು, ಚಿನ್ನ ಅದನ್ನು ಮೀರಿ ನಿಂತಿತ್ತು, ಅದರ ಹಿಂದೆ ತಾಮ್ರವೂ ಒಂದಿಷ್ಟು ಬಂದು ಕೂತಿತ್ತು. ಚಿನ್ನಕ್ಕೆ ತಾಮ್ರ ಬೆರೆಸುವುದು ಅಕ್ಕಸಾಲಿ, ಬೆಟ್ಟ ಅಲ್ಲ.

ಸುಮ್ಮನಿದ್ದರೆ ಯಂತ್ರ ಬರುತ್ತದೆ. ಬೆಟ್ಟದ ಮೇಲೆ ಅವಳಿಗೆ ನಂಬಿಕೆಯಿತ್ತು, ಆಳದಲ್ಲಿ ನಿಜವಾದದ್ದೇ ಸಿಗಬಹುದು, ಯಾರಿಗೂ ಏನೂ ಗೊತ್ತಾಗುವುದಿಲ್ಲ. ಈ ಯೋಚನೆ ಅವಳ ತಲೆಗೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು, ಸ್ವಲ್ಪ ಹೊತ್ತು ಪಕ್ಕದಲ್ಲೇ ಕೂತಿತ್ತು ಕೂಡ. ಆಮೇಲೆ ಅವಳು ಮುಖ್ಯಸ್ಥರಿಗೆ ಫೋನು ಮಾಡಿ, ಆ ಮಾದರಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅದರಲ್ಲಿ ಉಂಗುರದ ಚಿನ್ನ ಸೇರಿದೆ ಎಂದಳು.

ಅವರು ಯಾರ ಉಂಗುರ ಎಂದು ಕೇಳಿದರು.

"ನಂದೇ" ಎಂದಳು ಸೊಸೆ.

ಎಲ್ಲರಿಂದ ಡಬ್ಬಿ ತುಂಬಿಸಿಕೊಳ್ಳುವವಳ ಕೈಯಲ್ಲೇ ಉಂಗುರ ಹೇಗೆ ಉಳಿಯಿತು ಎಂದು ಅವರು ಕೇಳಲಿಲ್ಲ. ಕೇಳದೇ ಇದ್ದದ್ದೇ ಅವಳಿಗೆ ಚುಚ್ಚಿತು. ಹಿಂದೆ ಎಲ್ಲೆಲ್ಲೋ ಬೇಕೆಂದೇ ಮಾದರಿಗೆ ಚಿನ್ನ ಉದುರಿಸಿ ಕಂಪನಿಗಳ ಕಣ್ಣಿಗೆ ಮಣ್ಣೆರಚಿದವರ ಕಥೆಗಳು ಆ ಕಸುಬಿನಲ್ಲಿ ಎಲ್ಲರಿಗೂ ಗೊತ್ತು. ಉದುರಿಸಿದವರಲ್ಲಿ ಕೆಲವರು ಹೆದರಿ ತಾವೇ ಬಾಯಿಬಿಟ್ಟದ್ದೂ ಗೊತ್ತು. ಯಂತ್ರವನ್ನು ನಿಲ್ಲಿಸುತ್ತೇನೆ, ಅದೇ ಜಾಗದ ಮಾದರಿ ಮತ್ತೆ ಕಳಿಸಿ, ಆಮೇಲೆ ನಿಮ್ಮ ವಿಷಯ ಮಾತಾಡೋಣ ಎಂದು ಮುಖ್ಯಸ್ಥರು ಫೋನಿಟ್ಟರು. ಬೆಟ್ಟದ ವಿಷಯ ಎನ್ನಲಿಲ್ಲ, ನಿಮ್ಮ ವಿಷಯ ಎಂದರು.

ಅತ್ತೆಗೆ ಏನು ಹೇಳುವುದು? ಆ ಚೀಲದ ಹೆಮ್ಮೆಯಲ್ಲಿ ಅವರು ಹೊಸ ಹುಡುಗಿಯ ಹಾಗೆ ಓಡಾಡುತ್ತಿದ್ದರು. ಸೊಸೆ ಸುಲಭದ ದಾರಿ ಹಿಡಿದಳು. ಲ್ಯಾಬಿನವರು ಏನೋ ಎಡವಟ್ಟು ಮಾಡಿದ್ದಾರೆ, ಇನ್ನೊಮ್ಮೆ ಮಾದರಿ ತೆಗೆಯಬೇಕು ಎಂದಳು.

ಅತ್ತೆ ಸೌಟು ಕೆಳಗಿಟ್ಟರು. ಸೊಸೆಯ ವರ್ಷಗಟ್ಟಲೆಯ ಶ್ರಮದ ಮೇಲೆ ನೀರು ಸುರಿಯಲು ಆ ಲ್ಯಾಬಿನವರು ಯಾರು? ಫೋನ್ ನಂಬರು ಕೊಡು ಎಂದರು. ಸೊಸೆ ಬೇಡವೆಂದಳು. ಅತ್ತೆ ಸೆರಗು ಸಿಕ್ಕಿಸಿಕೊಂಡು ಬಂಡೆಯ ಕಡೆ ನಡೆದೇಬಿಟ್ಟರು. ಮದುವೆಯ ಬಟ್ಟೆಯ ಅಳತೆ ತಾವೇ ತಪ್ಪು ಕೊಟ್ಟು ದರ್ಜಿಯನ್ನು ಬೈಯಲು ಬಂದ ಎಷ್ಟು ಜನರನ್ನು ತಾನು ನೇರ ಮಾಡಿಲ್ಲ, ಈ ಲ್ಯಾಬಿನವನು ಯಾವ ಲೆಕ್ಕ ಎಂದು ದಾರಿಯುದ್ದಕ್ಕೂ ಹೇಳುತ್ತಿದ್ದರು. ಸ್ಪ್ಯಾನರ್‌ನನ್ನೂ ಎಬ್ಬಿಸಿ ನಂಬರು ಕೇಳಿದರು. ಆತನಿಗೆ ನಂಬರು ಗೊತ್ತಿತ್ತು, ಬಾಯಿಪಾಠ. ಅತ್ತೆ ಗುಂಡಿ ಒತ್ತತೊಡಗಿದರು.

ಸೊಸೆ ಏದುಸಿರು ಬಿಡುತ್ತ ಬಂಡೆ ಹತ್ತಿ ಫೋನು ಕಿತ್ತುಕೊಂಡಳು. ತನ್ನ ಪರವಾಗಿ ಇಷ್ಟು ಉರಿದು ನಿಂತವರ ಮುಖ ನೋಡಿಕೊಂಡು ಸುಳ್ಳನ್ನು ಮುಂದುವರಿಸಲು ಅವಳಿಂದಾಗಲಿಲ್ಲ.

"ಲ್ಯಾಬಿನವರು ಸರಿಯಾಗೇ ಹೇಳಿದ್ದಾರೆ ಅತ್ತೆ. ಚಿನ್ನ ಇತ್ತು. ಬೆಟ್ಟದ್ದಲ್ಲ, ನಿಮ್ಮ ಉಂಗುರದ್ದು."

ಅತ್ತೆ ತಮ್ಮ ಕೈ ತಿರುಗಿಸಿ ನೋಡಿಕೊಂಡರು. ಹರಿದ ಪಟ್ಟಿ, ಹೊಳೆಯುವ ಗೀರು. ಆ ಚೀಲದ ದಿನ ಗವಸು ಕಳಚಿದ್ದು ಆಗ ನೆನಪಾಗಿರಬೇಕು. ಪುಡಿ ಬಳಿಯುತ್ತಿದ್ದ ಅದೇ ಅಂಗೈಯಿಂದ ಗಲ್ಲ ಒರೆಸಿಕೊಂಡರು. ಯಂತ್ರ ಬರುತ್ತದೆಯೇ ಎಂದು ಕೇಳಿದರು. ಇಲ್ಲ ಎಂದಳು ಸೊಸೆ. ನಿನ್ನ ಸಾಹೇಬರು ಏನೆಂದರು ಎಂದು ಕೇಳಿದರು. ಏನೂ ಅನ್ನಲಿಲ್ಲ ಎಂದಳು. ಯಾರ ಉಂಗುರ ಎಂದು ಕೇಳಿದರೇ ಎಂದರು. ಸೊಸೆ ಫೋನಿನ ಧೂಳು ಒರೆಸತೊಡಗಿದಳು. ಅತ್ತೆ ಅವಳ ಬರಿಗೈ ನೋಡಿದರು. ಅವರಿಗೆ ಎಲ್ಲ ಅರ್ಥವಾಯಿತು. ಬಂಡೆಯಿಂದ ಇಳಿದು ಡೇರೆಗೆ ಹೋದರು.

ಬೆಳಿಗ್ಗೆ ಸೊಸೆ ಎದ್ದು ಬರುವಷ್ಟರಲ್ಲಿ ಅತ್ತೆ ಜೀಪಿನ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತಿದ್ದರು. ಸ್ಪ್ಯಾನರ್ ತಂತಿ ಕತ್ತರಿಸುವ ಇಕ್ಕಳ ಹಿಡಿದು, ಬಾಂಬಿನ ಮುಂದೆ ಕೂತವನ ಹಾಗೆ ಬೆವರುತ್ತಿದ್ದ. ಸೊಸೆ ಓಡಿಬಂದು ಇಕ್ಕಳಕ್ಕೆ ಕೈ ಹಾಕಿದಳು. ಮಾವನವರ ಉಂಗುರ, ಬೇಡ ಅತ್ತೆ, ಇದಕ್ಕಾಗಿ ಅದನ್ನು ಕತ್ತರಿಸುವುದು ಬೇಡ ಎಂದಳು. ಅವಳಿಗೆ ಅಳು ಬಂದುಬಿಟ್ಟಿತು.

"ನಿಮ್ಮ ಮಾವ ಅಂಗಡೀಲಿ ಬಟ್ಟೆ ಕತ್ತರಿಸೋರು, ನಾನು ಹೊಲಿಯೋಳು. ನನ್ನ ಹೊಲಿಗೆ ತಪ್ಪಿದ್ರೆ ಅವರೇ ಬ್ಲೇಡು ತಗೊಂಡು ಬಿಚ್ಚಿ ಕೊಡ್ತಿದ್ರು, ಒಂದು ಮಾತು ಆಡ್ತಿರಲಿಲ್ಲ. ಈಗ ಇದ್ದಿದ್ರೂ ಅವರೇ ಕತ್ತರಿಸ್ತಿದ್ರು. ಕೈ ಬಿಡು."

ಸೊಸೆ ಕೈ ಬಿಟ್ಟಳು. ಇಕ್ಕಳ ಕಟ್ಟೆಂದಿತು. ಉಂಗುರ ಇದ್ದ ಜಾಗದಲ್ಲಿ ಬಿಸಿಲು ಕಾಣದ ಚರ್ಮ ಬೆಳ್ಳಗೆ ಪಟ್ಟೆಯಾಗಿತ್ತು, ಬೆಟ್ಟದ ನೆತ್ತಿಯ ಬೆಣಚುಕಲ್ಲಿನ ಹಾಗೆ. ಅತ್ತೆ ಉಂಗುರವನ್ನು ಒಂದು ಚೀಲಕ್ಕೆ ಹಾಕಿದರು. ಆ ಚೀಲ ಅಂಗೈಯಗಲದ್ದು, ಹಿಂದಿನ ಸಂಜೆ ತಾವೇ ಹೊಲಿದದ್ದು. ಎಲ್ಲ ಮಾದರಿಗಳಿಗೆ ಇಡುವಂತೆ ಚೀಟಿಯನ್ನೂ ಇಟ್ಟು, ಬಾಯಿ ಕಟ್ಟಿ ಸೊಸೆಯ ಕೈಗೆ ಕೊಟ್ಟರು.

"ಇದನ್ನೂ ಲ್ಯಾಬಿಗೆ ಕಳಿಸು. ಇದರಲ್ಲಿ ಏನೇನು ಬೆರೆತಿದೆ ನೋಡಲಿ, ಆ ಚೀಲದ್ದಕ್ಕೆ ಹೊಂದಿಸಲಿ. ನಿನ್ನ ಕೈಯಲ್ಲಿ ಉಂಗುರವೇ ಇಲ್ಲ, ನಂದೇ ಅಂದ್ರೆ ಯಾರು ನಂಬ್ತಾರೆ? ಅತ್ತೇದು ಅಂತ ಹೇಳು. ನನಗೇನೂ ನಾಚಿಕೆಯಿಲ್ಲ. ನಿನ್ನ ಮೇಲೆ ಯಾರಾದ್ರೂ ಸಂಶಯ ಪಟ್ರೆ ಅದು ನಂಗೆ ಆಗಲ್ಲ."

ಲ್ಯಾಬಿನವರು ಅದರಿಂದ ಒಂದು ತುಣುಕು ಕತ್ತರಿಸಿ ಕರಗಿಸುತ್ತಾರೆ, ಆ ತುಣುಕು ಮತ್ತೆ ಬರುವುದಿಲ್ಲ ಎಂದು ಸೊಸೆ ಹೇಳಿದಳು. ಬಟ್ಟೆ ಹೊಲಿದರೆ ಚೂರು ಹೋಗಿಯೇ ಹೋಗುತ್ತದೆ ಎಂದರು ಅತ್ತೆ.

ಆ ದಿನವೇ ಕಂದಕದಲ್ಲಿ ಅದೇ ಜಾಗದ ಮಾದರಿಯನ್ನು ಹೊಸದಾಗಿ ತೆಗೆದರು. ಬೇರೆಯವರಿಗೆ ಆ ಕೆಲಸ ಕೊಡಲು ಅತ್ತೆ ಒಪ್ಪಲಿಲ್ಲ. ಹಿಂದಿನಂತೆಯೇ ಬಳಿದರು, ಮಡಿಕೆಯಿಂದಲೂ ತೆಗೆದರು, ಸೊಸೆ ಪಕ್ಕದಲ್ಲಿ ಕೂತು ಕ್ಯಾನ್ವಾಸು ಎತ್ತಿ ಹಿಡಿದಳು. ಎರಡೂ ಚೀಲ ಸ್ಪ್ಯಾನರ್‌ನ ಜೀಪಿನಲ್ಲಿ ಹೊರಟವು.

ಫಲಿತಾಂಶದ ಜೊತೆ ಮುಖ್ಯಸ್ಥರೇ ಫೋನು ಮಾಡಿದರು. ಉಂಗುರದಲ್ಲಿ ಚಿನ್ನಕ್ಕೆ ಎಷ್ಟು ತಾಮ್ರ ಬೆರೆತಿತ್ತೋ, ಮೊದಲಿನ ಚೀಲದಲ್ಲೂ ಅದೇ ಪ್ರಮಾಣ. ನಿಮ್ಮ ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ ಎಂದರು, ನಿಮ್ಮ ವಿಷಯ ಮಾತಾಡಲು ಏನೂ ಉಳಿದಿಲ್ಲ ಎಂದರು. ಬೆಟ್ಟದ ವಿಷಯದಲ್ಲಿ ಮಾತ್ರ ಅವರು ಕರಗಲಿಲ್ಲ. ಹೊಸ ಮಾದರಿಯಲ್ಲಿ ಚಿನ್ನ ಇದ್ದದ್ದು ಹೆಸರಿಗಷ್ಟೇ, ಅದರ ಹಲವು ಪಟ್ಟು ಬೆಳ್ಳಿಯ ಜೊತೆ, ಬೆಟ್ಟದ ಮಾಮೂಲಿ ಲೆಕ್ಕದಲ್ಲಿ. ಅಷ್ಟಕ್ಕೆ ಯಂತ್ರ ಕೊಡಲಾಗುವುದಿಲ್ಲ, ಅದು ಇನ್ನೊಂದು ಬೆಟ್ಟಕ್ಕೆ ಹೋಗುತ್ತದೆ. ಹವೆ ಕೆಡುವವರೆಗೆ ಶಿಬಿರ ಇರಲಿ, ಸುತ್ತಿಗೆಯಲ್ಲಿ ಮಾಡುವುದೇನಿದೆಯೋ ಮಾಡಿಕೊಳ್ಳಿ ಎಂದರು.

ಸೊಸೆ ಬಂಡೆಯ ಮೇಲೆ ಕೂತು ಅತ್ತೂ ಅತ್ತು, ಮುಖ ತೊಳೆದುಕೊಂಡು ಬಂದಳು. ಅತ್ತೆ ಚಹಾ ಕೊಟ್ಟರು. ಕುಡಿಯುತ್ತ ಅವಳು ಅದೇ ಹಕ್ಕಳೆಯ ಕೆಟಲನ್ನು ದಿಟ್ಟಿಸಿ ನೋಡುತ್ತ ಕೂತಳು. ಇಷ್ಟು ದಿನ ಎಲ್ಲರ ಹಾಗೆ ತಾನೂ ನೆತ್ತಿಯ ಬಿಳುಪಿಗೆ ಮರುಳಾಗಿ ಅಲ್ಲೇ ಕೆರೆದಿದ್ದಳು. ನೆತ್ತಿಯದು ಬರೀ ಮೇಲ್ಭಾಗ, ಕುದಿದ ಮಟ್ಟ ಕೆಳಗಿದೆ ಎಂದು ಅವಳೇ ಹೇಳಿಕೊಂಡು ತಿರುಗಿದವಳು. ಯಂತ್ರವಿಲ್ಲದೆ ಕೆಳಗೆ ಇಳಿಯುವುದು ಹೇಗೆ ಎಂದು ಕೈ ಚೆಲ್ಲಿದ್ದಳು. ಬೆಟ್ಟದ ಹಿಂಬದಿಯ ಕಡಿದಾದ ಕೊರಕಲಿನಲ್ಲಿ ಹಳ್ಳದ ನೀರು ಯಾವ ಕಾಲದಿಂದಲೋ ಬಂಡೆಯನ್ನು ಕೊರೆಯುತ್ತಲೇ ಇತ್ತು. ಅಲ್ಲಿಗೆ ಇಳಿದರೆ ಅದೇ ಪಟ್ಟೆಯ ಕೆಳಮಟ್ಟ ಸಿಕ್ಕೀತು. ಕಷ್ಟದ ಇಳಿಜಾರೆಂದು ಯಾರೂ ಹೋಗಿರಲಿಲ್ಲ, ಅವಳೂ ಹೋಗಿರಲಿಲ್ಲ.

ಜೀಪು ಉಂಗುರವನ್ನು ವಾಪಸ್ಸು ತಂದಿತ್ತು, ಒಂದು ತುಂಡು ಕಡಿಮೆಯಾಗಿ. ಸೊಸೆ ಡಬ್ಬಿ ಮುಂದೆ ಹಿಡಿಯುವ ಮೊದಲೇ ಅತ್ತೆ ಅದನ್ನು ತಾವಾಗಿ ಒಳಗೆ ಹಾಕಿದರು. ಆಮೇಲೆ ಕೈಗವಸು ಹಾಕಿಕೊಂಡು, ಚೀಲಗಳ ಕಟ್ಟು ಹೆಗಲಿಗೇರಿಸಿ, ಕೊರಕಲಿನ ದಾರಿ ಯಾವುದು ಎಂದರು. ಕಾಲು ಜಾರೀತು, ನೀವು ಬರುವುದು ಬೇಡ ಎಂದು ಸೊಸೆ ಹೇಳಿ ನೋಡಿದಳು. ಕೇಳುವವರು ಅಲ್ಲಿ ಯಾರೂ ಇರಲಿಲ್ಲ.

ಇಬ್ಬರೂ ನೆತ್ತಿಗೆ ಹತ್ತಿ, ಹಿಂಬದಿಗೆ ಒಬ್ಬರ ಕೈ ಒಬ್ಬರು ಹಿಡಿದು ಇಳಿಯತೊಡಗಿದರು. ಅರ್ಧ ದಾರಿಯಲ್ಲಿ ಸೊಸೆ ನಿಂತು, ಅಷ್ಟು ದಿನ ತನಗೆ ತಾನೇ ಹೇಳಿಕೊಳ್ಳದಿದ್ದ ಮಾತು ಕೇಳಿದಳು.

"ಕೆಳಗೂ ಏನೂ ಇಲ್ಲದಿದ್ರೆ ಅತ್ತೆ?"

ಅತ್ತೆ ಉಸಿರು ತಗೊಂಡು ತಲೆಯೆತ್ತಿ ನೆತ್ತಿಯ ಬಿಳಿ ಪಟ್ಟೆಯನ್ನು ನೋಡಿದರು.

"ಏನೂ ಇಲ್ಲ ಅಂತ ಯಾಕಂತೀಯ. ಉಂಗುರದ ಎಲ್ಲಾ ಪುಡೀನೂ ಚೀಲಕ್ಕೇ ಬಿದ್ದಿರುತ್ತಾ? ನಿಮ್ಮ ಮಾವ ಅಲ್ಲೇ ಕಂದಕದಲ್ಲಿ ಒಂದು ಚೂರು ಕೂತಿರ್ತಾರೆ. ಒಂದು ಸಲ ಕೂತ್ರೆ ಏಳೋರಲ್ಲ ಅಂದಿದ್ನಲ್ಲ. ನಿನ್ನ ಬೆಟ್ಟ ಅವರು ನೋಡ್ಕೋತಾರೆ, ನಡಿ."

ಸೊಸೆಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಅತ್ತೆಯ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದು, ಕಾಲಿಡುವ ಮುಂದಿನ ಕಲ್ಲು ಗಟ್ಟಿಯಾಗಿದೆಯೇ ಎಂದು ಸುತ್ತಿಗೆಯಿಂದ ತಟ್ಟಿ ನೋಡಿ ಇಳಿದಳು.